ವಕೀಲರನ್ನು ಕೇಳಿ: ಬಾಣೆಯ ಕಾಡು ಉಳಿಸಲು ಪಂಚಾಯಿತಿ ಜೊತೆ ಕರಾರು ಮಾಡಬಹುದಾ?

ಪ್ರಶ್ನೆ: ಸರ್, ನಮ್ಮದು ವಿರಾಜಪೇಟೆ ಕಡೆ. ಕಾಫಿ ತೋಟದ ಮೇಲೆ ಮೂರು ಎಕರೆ ಬಾಣೆ, ಅಂದರೆ ಮರಗಳಿರುವ ಗುಡ್ಡದ ಜಮೀನು, ಇದೆ. ಮಾವನ ಕಾಲದಿಂದ ಅಲ್ಲಿ ಕತ್ತಿ ತಾಗಿಸಿಲ್ಲ. ಅಲ್ಲಿ ಹುಟ್ಟುವ ತೋಡು ಪಂಚಾಯಿತಿಯ ಕುಡಿಯುವ ನೀರಿನ ಬಾವಿ ಪಕ್ಕ ಹರಿಯುತ್ತದೆ. ಹೋದ ತಿಂಗಳು ಪಕ್ಕದ ಬಾಣೆಗೆ ಜೆಸಿಬಿ ಬಂತು. ರೆಸಾರ್ಟ್ ಅಂತೆ. ಈಗ ಮಳೆ ಬಂದರೆ ತೋಡಿನ ನೀರು ಹಾಲು ಹಾಕಿದ ಕಾಫಿ ಬಣ್ಣ. ಅಮೆರಿಕದಲ್ಲಿ ಜಮೀನಿನವರು ಸ್ಥಳೀಯ ಸರ್ಕಾರಕ್ಕೆ ಪತ್ರ ಬರೆದುಕೊಟ್ಟರೆ, ಮುಂದೆ ಯಾರು ಕೊಂಡರೂ ಕಟ್ಟಡ ಕಟ್ಟುವ ಹಾಗಿಲ್ಲ ಅಂತಾಳೆ ಮಗಳು. ನಾವೂ ಹಾಗೆ ಮಾಡಬಹುದಾ?

ಉತ್ತರ: ಮಗಳು ಹೇಳಿದ್ದು ನಿಜ, ಅಕ್ಕ. ಅದನ್ನು ಕನ್ಸರ್ವೇಶನ್ ಈಸ್‌ಮೆಂಟ್ ಅಂತಾರೆ. ಜಮೀನು ನಿಮ್ಮದೇ, ಕಟ್ಟುವ ಹಕ್ಕು ಮಾತ್ರ ಬಿಟ್ಟುಕೊಟ್ಟ ಹಾಗೆ. ಅಲ್ಲಿ ಅದಕ್ಕೆಂದೇ ಕಾನೂನಿದೆ, ನಮ್ಮಲ್ಲಿಲ್ಲ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಒಂದು ಜಮೀನಿನ ಮೇಲಿನ ಹಕ್ಕು ಇನ್ನೊಂದು ಜಮೀನಿನ ಅನುಕೂಲಕ್ಕೆ ಇರಬೇಕು. ದಾರಿ, ನೀರು, ಹೀಗೆ. ಸುಮ್ನೆ ಕಾಡು ಇರಲಿ ಅಂದರೆ ಅದಕ್ಕೆ ಅಲ್ಲಿ ಜಾಗವಿಲ್ಲ. ಪಂಚಾಯಿತಿಯಲ್ಲಿ ನಿರ್ಣಯ ಮಾಡಿ, ಛಾಪಾ ಕಾಗದಕ್ಕೆ ಪಿಡಿಒ ಸಹಿ ಹಾಕಿಸಿದರೂ ಅದು ನಿಮ್ಮಿಬ್ಬರ ಮಾತು. ನಾಳೆ ಕೊಂಡವನು ‘ನಂಗೇನು’ ಅಂದರೆ ಕಷ್ಟ.

ಗಟ್ಟಿ ದಾರಿ ಬೇರೆ ಇದೆ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಲ್ಲಿ ‘ಸಮುದಾಯ ಮೀಸಲು’ ಸೇರಿತು, ಅಂದರೆ ಜನರೇ ಮುಂದೆ ಬಂದು ವನ್ಯಜೀವಿಗಳಿಗಾಗಿ ಕಾಪಾಡುವ ಜಾಗ. ಖಾಸಗಿ ಜಮೀನಿನವರು ತಾವಾಗಿ ಮುಂದೆ ಬಂದರೆ ರಾಜ್ಯ ಸರ್ಕಾರ ಅದನ್ನು ಘೋಷಿಸಬಹುದು. ಮಂಡ್ಯದ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೇ ಆಯಿತು. 2022ರ ತಿದ್ದುಪಡಿ ನಂತರ ಖಾಸಗಿ ಜಮೀನಾದರೆ ಮೀಸಲನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಮಾಲೀಕರು, ಅರಣ್ಯ ಇಲಾಖೆಯವರು, ಪಂಚಾಯಿತಿಯವರು ಇರುತ್ತಾರೆ. ನೀವು ಕೇಳಿದ ಕರಾರಿಗೆ ಹತ್ತಿರದ್ದು ಇದೇ.

ಪ್ರಶ್ನೆ: ಬಾಣೆಯ ಅಂಚಿನಲ್ಲಿ ಸ್ವಲ್ಪ ಕಾಫಿ, ಮೆಣಸು ಇದೆ. ಅದನ್ನೂ ಬಿಡಬೇಕಾ?

ಉತ್ತರ: ಆ ಅಂಚನ್ನು ಸೇರಿಸಲೇಬೇಡಿ ಅನ್ನೋದು ನನ್ನ ಸಲಹೆ. ಘೋಷಣೆ ಆದ ಮೇಲೆ ಭೂಮಿಯ ಬಳಕೆ ಬದಲಿಸಲು ಸಮಿತಿಯ ನಿರ್ಣಯ, ಮೇಲಿಂದ ಸರ್ಕಾರದ ಒಪ್ಪಿಗೆ, ಎರಡೂ ಬೇಕು. ನಾಳೆ ಮೊಮ್ಮಗ ಅಲ್ಲೊಂದು ಹೋಂಸ್ಟೇ ಮಾಡ್ತೀನಿ ಅಂದರೂ ಅಷ್ಟೇ. ಮನೆಯವರೆಲ್ಲ ಕೂತು ಮಾತಾಡಿ.

ಅದಕ್ಕೂ ಮೊದಲು ಪಹಣಿ ತೆಗೆಸಿ, ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂ ನೋಡಿ. ಅದು ಜಮ್ಮಾ ಬಾಣೆ, ಅಂದರೆ ಮನೆತನಕ್ಕೆ ತಲೆತಲಾಂತರದಿಂದ ಬಂದ ಬಾಣೆಯಾದರೆ, ಪಟ್ಟೆದಾರರ (ಮನೆತನದ ಪರವಾಗಿ ಹೆಸರಿರುವ ಹಿರಿಯರು) ಜೊತೆ ಒಕ್ಕದ, ಅಂದರೆ ಮನೆತನದ, ಅರ್ಧ ಊರೇ ಅಲ್ಲಿರುತ್ತದೆ, ಅಲ್ವಾ? ಅವರೆಲ್ಲರ ಒಪ್ಪಿಗೆ ಬೇಕು. ಕಾನೂನಿಗಿಂತ ಕಷ್ಟದ ಕೆಲಸ ಅದೇ! ನನ್ನ ಬಳಿ ಬರುವ ಜಾಸ್ತಿ ಕಡತ ನಿಲ್ಲೋದು ಅಲ್ಲೇ.

ಒಂದು ಮಾತು, ಇದ್ಯಾವುದೂ ಪಕ್ಕದ ಜೆಸಿಬಿ ನಿಲ್ಲಿಸಲ್ಲ. ಕೃಷಿ ಜಮೀನಿನಲ್ಲಿ ರೆಸಾರ್ಟ್ ಕಟ್ಟಲು ಭೂಪರಿವರ್ತನೆ ಆಗಿರಬೇಕು. ಆ ಆದೇಶದ ಪ್ರತಿ ಕೇಳಿ ಪಂಚಾಯಿತಿಗೆ ಈ ವಾರವೇ ಅರ್ಜಿ ಕೊಡಿ. ಕೆಸರು ನೀರಿನ ಫೋಟೋ, ಅದರಲ್ಲಿ ಬಾವಿಯೂ ಕಾಣುವ ಹಾಗೆ, ಲಗತ್ತಿಸಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.