ಪಡಸಾಲೆಯ ಬೆಳಕಿಂಡಿ ಮಳೆಗೆ ಸೋರುತ್ತೆ, ಬೇಸಿಗೆಗೆ ಕಾಯುತ್ತೆ: ಗಾಜು ಹಾಕಿಸಿದರೆ ಸರಿಹೋಗುತ್ತಾ?

ಗಂಗಾವತಿ_ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮೂರು ಕಡೆ ಪಕ್ಕದ ಮನೆಗಳ ಗೋಡೆ. ಪಡಸಾಲೆಯಲ್ಲಿ ಹಗಲಲ್ಲೂ ಲೈಟ್ ಹಾಕಬೇಕಾಗುತ್ತೆ ಅಂತ ಸ್ಲ್ಯಾಬ್ ಹಾಕುವಾಗಲೇ ನಡುವೆ 4 ಅಡಿ × 6 ಅಡಿ ಜಾಗ ಬಿಡಿಸಿದ್ದೆವು. ಮೇಲೆ ಕಬ್ಬಿಣದ ಆಂಗಲ್ ಫ್ರೇಮ್, ಅದಕ್ಕೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್. ಬೆಳಕೇನೋ ಭರ್ಜರಿ. ಆದರೆ ಮಾರ್ಚ್ ಬಂತು ಅಂದರೆ ಮಧ್ಯಾಹ್ನ ಅದರ ಕೆಳಗೆ ಕೂರೋಕೆ ಆಗಲ್ಲ. ಗಾಳಿ ಮಳೆ ಬಂದರೆ ಒಂದು ಮೂಲೆಯಿಂದ ನೀರು, ಮಳೆ ನಿಂತ ಮೇಲೂ ತುಂಬಾ ಹೊತ್ತು ತೊಟ್ಟಿಕ್ಕುತ್ತೆ. ಬೆಳಿಗ್ಗೆ ಬಿಸಿಲೇರುವಾಗ, ಸಂಜೆ ಬಿಸಿಲಿಳಿಯುವಾಗ ಟಕ್ ಟಕ್ ಅಂತ ಸದ್ದು ಬೇರೆ. ವೆಲ್ಡಿಂಗ್‌ನವರು ಬಂದು ಸಿಲಿಕಾನ್ ಬಳಿದು ಹೋಗ್ತಾರೆ, ಸ್ವಲ್ಪ ದಿನಕ್ಕೆ ಕಿತ್ತು ಬರುತ್ತೆ. ಈಗ ಶೀಟ್ ತೆಗೆಸಿ 12 ಮಿ.ಮೀ ಟಫನ್ಡ್ ಗಾಜು ಹಾಕಿಸೋಣ ಅಂತಿದ್ದೇನೆ. ಅವ್ವ ಮಾತ್ರ "ಸುಮ್ನೆ ಗೋಣಿ ಚೀಲ ಹಾಕಿ ಮುಚ್ಚು" ಅಂತಾಳೆ.

ಗಾರೆ_ಕರಣೆ, ರಾಯಚೂರು:
ಗಾಜಿಗೆ ದುಡ್ಡು ಕೊಡುವ ಮುಂಚೆ ನೀರು ಎಲ್ಲಿಂದ ಬರ್ತಿದೆ ನೋಡಿ. ಶೀಟ್ ಮೇಲೆ ತಾಡಪಾಲು ಹೊದಿಸಿ, ಅದಕ್ಕೆ ನೀರು ತಾಗದ ಹಾಗೆ ಸುತ್ತಲಿನ ಸ್ಲ್ಯಾಬ್ ಮೇಲೆ ಮಾತ್ರ ನೀರು ಬಿಡಿ. ಅರ್ಧ ಗಂಟೆ ಕಾಯಿರಿ. ಕೆಳಗೆ ಹನಿ ಬಂದರೆ ತಪ್ಪು ಶೀಟ್‌ದಲ್ಲ. ಬರದಿದ್ದರೆ ತಾಡಪಾಲು ತೆಗೆದು ಪೈಪಿನಿಂದ ಶೀಟ್ ಅಂಚಿಗೆ, ಆಮೇಲೆ ಸ್ಕ್ರೂಗಳಿಗೆ, ಒಂದೊಂದೇ ಕಡೆ ನೀರು ಬಿಡಿ. ಎಲ್ಲ ಒಟ್ಟಿಗೆ ತೋಯಿಸಿದರೆ ಏನೂ ಗೊತ್ತಾಗಲ್ಲ. ಇನ್ನೂ ಎರಡು ವಿಷಯ ಹೇಳಿ: ಸುತ್ತಲಿನ ಕಟ್ಟೆ ಎಷ್ಟು ಎತ್ತರ ಇದೆ? ಶೀಟ್ ಇಳಿಜಾರಿದೆಯಾ?

ಗಂಗಾವತಿ_ಮನೆ:
ನೀವು ಹೇಳಿದ ಹಾಗೆ ಮಾಡಿದೆ ಅಣ್ಣ. ತಾಡಪಾಲು ಇದ್ದಾಗಲೇ ಆ ಮೂಲೆಯಲ್ಲಿ ಹನಿ ಶುರುವಾಯಿತು. ಆಮೇಲೆ ಸ್ಕ್ರೂಗಳ ಹತ್ತಿರ ನೀರು ಬಿಟ್ಟಾಗ ಅಲ್ಲೂ ಬಂತು. ಕಟ್ಟೆ ಎರಡು ಇಂಚು ಇರಬಹುದು. ಶೀಟ್ ಸಮತಟ್ಟು.

ಗಾರೆ_ಕರಣೆ, ರಾಯಚೂರು:
ಹಾಗಿದ್ದರೆ ಎರಡು ಬೇರೆ ಬೇರೆ ಸೋರಿಕೆ. ಗಾಜು ಹಾಕಿದ್ದರೆ ಮೊದಲನೆಯದು ಹಾಗೇ ಉಳಿಯುತ್ತಿತ್ತು.

ನಮ್ಮ ಕಡೆ ಮಳೆ ಕಡಿಮೆ ಅಂತ ಗೌಂಡಿಗಳು ಕಟ್ಟೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಆದರೆ ಬರುವ ಮಳೆ ಗಾಳಿ ಜೊತೆ ಒಂದೇ ಸಲ ಸುರಿಯುತ್ತೆ, ಮಾಳಿಗೆ ಮೇಲೆ ಬಿದ್ದ ಹನಿ ಸಿಡಿದು ಎರಡು ಇಂಚಿನ ಕಟ್ಟೆ ದಾಟುತ್ತೆ. ಮುಗಿದ ನೆಲದಿಂದ ಮೇಲೆ ಕನಿಷ್ಠ 6 ಇಂಚು ಬೇಕು, 9 ಇದ್ದರೆ ಇನ್ನೂ ಒಳ್ಳೆಯದು. ಇಟ್ಟಂಗಿ ಬೇಡ, ಸ್ಲ್ಯಾಬ್ ಮತ್ತು ಇಟ್ಟಂಗಿ ಸೇರುವ ಜಾಗದಲ್ಲೇ ಬಿರುಕು ಬರುತ್ತೆ. ಈಗಿನ ಕಟ್ಟೆ ಒಡೆದು, ಸ್ಲ್ಯಾಬ್ ಮೇಲ್ಮೈ ಕಚ್ಚು ಹೊಡೆಸಿ, ತೂತು ಕೊರೆದು 8 ಮಿ.ಮೀ ರಾಡ್ ತುಂಡುಗಳನ್ನು ಕೆಮಿಕಲ್ ಹಾಕಿ ಕೂರಿಸಿ, ಕಾಂಕ್ರೀಟ್ ಕಟ್ಟೆ ಹಾಕಿಸಿ. ಕಟ್ಟೆ ಬುಡದ ಮೂಲೆಗೆ ಓರೆಯಾಗಿ ಗಾರೆ ತುಂಬಿಸಿ. ವಾಟರ್‌ಪ್ರೂಫಿಂಗ್ ಕಟ್ಟೆಯ ಬುಡಕ್ಕೆ ನಿಲ್ಲಬಾರದು, ಮೇಲಿನ ತುದಿ ತನಕ ಹತ್ತಬೇಕು. ಫ್ರೇಮ್‌ನ ಅಂಚು ಕಟ್ಟೆಯ ಹೊರಗೆ ಎರಡು ಇಂಚು ಕೆಳಕ್ಕೆ ಇಳಿದಿರಬೇಕು, ಡಬ್ಬಿಯ ಮುಚ್ಚಳದ ಹಾಗೆ. ಆಗ ಸಿಲಿಕಾನ್ ಕೈಕೊಟ್ಟರೂ ನೀರು ಒಳಗೆ ಬರಲ್ಲ.

ಇನ್ನು ಟಕ್ ಟಕ್ ಸದ್ದು. ಪಾಲಿಕಾರ್ಬೊನೇಟ್ ಬಿಸಿಗೆ ಕಬ್ಬಿಣಕ್ಕಿಂತ ಐದು ಪಟ್ಟಿಗೂ ಜಾಸ್ತಿ ಹಿಗ್ಗುತ್ತೆ. ಬೆಳಗಿನ ಜಾವ ಶೀಟ್ 20 ಡಿಗ್ರಿ, ಮಧ್ಯಾಹ್ನ 65 ಅಂತಿಟ್ಟುಕೊಳ್ಳಿ. 6 ಅಡಿ ಉದ್ದದ ಶೀಟ್ ಸುಮಾರು 5 ಮಿ.ಮೀ ಬೆಳೆಯುತ್ತೆ. ಕೆಳಗಿನ ಆಂಗಲ್ ಬೆಳೆಯೋದು 1 ಮಿ.ಮೀ. ಸ್ಕ್ರೂ ಬಿಗಿ ತೂತಿನಲ್ಲಿ ಕೂತಿದ್ದರೆ ಶೀಟ್ ಎಲ್ಲಿಗೆ ಹೋಗಬೇಕು? ಸಿಲಿಕಾನ್ ಹರಿದುಕೊಂಡೇ ಸರಿಯುತ್ತೆ. ತೂತನ್ನು ಸ್ಕ್ರೂಗಿಂತ 3-4 ಮಿ.ಮೀ ದೊಡ್ಡದು ಮಾಡಿ ಅಗಲ ರಬ್ಬರ್ ವಾಷರ್ ಹಾಕಬೇಕು. ಅದಕ್ಕಿಂತ ಒಳ್ಳೆಯದು ಸ್ಕ್ರೂ ಇಲ್ಲದೆ ಅಲ್ಯೂಮಿನಿಯಂ ಪಟ್ಟಿ, ರಬ್ಬರ್ ಗ್ಯಾಸ್ಕೆಟ್ ನಡುವೆ ಕೂರಿಸೋದು. ಮತ್ತೆ, ಬಳಿಯುವಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ. ಸಿಮೆಂಟಿಗೆ ಸರಿಯಾಗಿ ಹಿಡಿಯಲ್ಲ, ಪಾಲಿಕಾರ್ಬೊನೇಟ್‌ಗೂ ಒಳ್ಳೆಯದಲ್ಲ. ನ್ಯೂಟ್ರಲ್ ಅಂತ ಬರೆದಿದ್ದು ಕೇಳಿ ತರಿಸಿ. ಇಳಿಜಾರು ಅಡಿಗೆ ಒಂದು ಇಂಚಾದರೂ ಇರಲಿ.

ಆನೆಗೊಂದಿ_ದಾರಿ:
ಟಫನ್ಡ್ ಗಾಜು ತಲೆ ಮೇಲೆ ಬೇಡ್ರಿ! ನಮ್ಮ ಕಡೆ ಮಂಗಗಳು ಮಾಳಿಗೆಯಿಂದ ಮಾಳಿಗೆಗೆ ಹಾರ್ತಾವೆ, ಕೈಗೆ ಸಿಕ್ಕಿದ ಕಲ್ಲು ಬೀಳಿಸ್ತಾವೆ. ಟಫನ್ಡ್ ಒಡೆದರೆ ಪೂರ್ತಿ ಸಣ್ಣ ಚೂರಾಗಿ ಕೆಳಗೆ ಸುರಿಯುತ್ತೆ.

ಗಾರೆ_ಕರಣೆ, ರಾಯಚೂರು:
ಸರಿಯಾದ ಮಾತು. ಮಂಗ ಇಲ್ಲದಿದ್ದರೂ ಅಪರೂಪಕ್ಕೆ ಟಫನ್ಡ್ ತಾನಾಗಿಯೇ ಒಡೆಯುತ್ತೆ. ಗಾಜೇ ಬೇಕಿದ್ದರೆ ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರೋದು. ಒಡೆದರೂ ಚೂರು ಅಲ್ಲೇ ಅಂಟಿಕೊಂಡಿರುತ್ತೆ. ನಿಮ್ಮ ಅಳತೆಗೆ ಒಟ್ಟು 12 ಮಿ.ಮೀ ಗಾಜು ಅಂದರೆ 67 ಕೆ.ಜಿ ಹತ್ತಿರ. ಈಗಿನ ಆಂಗಲ್ ಅದನ್ನು ಹೊರುತ್ತಾ ಅಂತ ಮೊದಲು ನೋಡಿಸಿ.

ನೆರಳು_ಬೇಕು, ಕೊಪ್ಪಳ:
ಕಾವಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಸಾದಾ ಗಾಜು ಹಾಕಿದರೂ ಬಿಸಿಲು ಅಷ್ಟೇ ಬರುತ್ತೆ. ಕೆಳಗೆ ಪರದೆ ಕಟ್ಟಿದರೂ ಪ್ರಯೋಜನ ಕಡಿಮೆ, ಕಾವು ಅಷ್ಟರಲ್ಲಿ ಒಳಗೆ ಬಂದಾಗಿರುತ್ತೆ. ನೆರಳು ಹೊರಗೇ ಬೇಕು. ಅವ್ವ ಹೇಳಿದ್ದು ಅದೇ ಅಲ್ವಾ? ಗೋಣಿ ಚೀಲದ ಬದಲು ಶೀಟ್‌ಗಿಂತ ಒಂದು ಅಡಿ ಮೇಲೆ 75% ಶೇಡ್ ನೆಟ್ ಕಟ್ಟಿ, ನಡುವೆ ಗಾಳಿ ಆಡಲಿ. ಮಳೆಗಾಲ ಬಂದಾಗ ಬಿಚ್ಚಿಡಿ.

ನನ್ನ ಕೇಳಿದರೆ ಅಳತೆಯೇ ಜಾಸ್ತಿ ಆಯ್ತು. ಹಳೇ ಮಣ್ಣಿನ ಮಾಳಿಗೆ ಮನೆಗಳ ಬೆಳಕಿಂಡಿ ನೋಡಿ, ಸಣ್ಣದೊಂದು ತೂತು, ಮಳೆ ಬಂದರೆ ಮೇಲೊಂದು ಕಲ್ಲು. ಈ ಬಿಸಿಲಿಗೆ ಕೋಣೆಯ ನೆಲದ ನೂರಕ್ಕೆ ಐದು ಭಾಗ ಬಾಯಿ ಸಾಕು.

ಗಂಗಾವತಿ_ಮನೆ:
ಬಾಯಿ ಚಿಕ್ಕದು ಮಾಡೋಕೆ ಈಗ ಹೇಗಾಗುತ್ತೆ? ಸನ್ ಫಿಲ್ಮ್ ಅಂಟಿಸಿದರೆ?

ನೆರಳು_ಬೇಕು, ಕೊಪ್ಪಳ:
ಪಾಲಿಕಾರ್ಬೊನೇಟ್ ಮೇಲೆ ಫಿಲ್ಮ್ ಗುಳ್ಳೆ ಏಳುತ್ತೆ, ಬೇಡ. ಸ್ಲ್ಯಾಬ್ ಮುಟ್ಟಬೇಕಿಲ್ಲ. ಹೇಗೂ ಕಟ್ಟೆ ಹೊಸದಾಗಿ ಕಟ್ಟಿಸ್ತೀರಿ, ಉತ್ತರದ ಕಡೆ ಮಾತ್ರ ಅದರ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಗಾಜು ನಿಲ್ಲಿಸಿ. ಉಳಿದ ಮೂರು ಬದಿ, ಮೇಲ್ಭಾಗ ಎಲ್ಲ ಮುಚ್ಚಿಬಿಡಿ. ಮೇಲ್ಭಾಗಕ್ಕೆ ಉಷ್ಣ ತಡೆಯುವ ಪದರ ಇರುವ ಶೀಟ್ ಹಾಕಿ, ದಕ್ಷಿಣಕ್ಕೆ ಇಳಿಜಾರು ಕೊಡಿ. ಗಂಗಾವತಿ ಇರೋದು 15.4 ಡಿಗ್ರಿ ಉತ್ತರದಲ್ಲಿ. ಮೇ ಮೊದಲ ವಾರ, ಆಗಸ್ಟ್ ಎರಡನೇ ವಾರ ಸೂರ್ಯ ನೆತ್ತಿಗೆ ಸರಿಯಾಗಿ ಬರ್ತಾನೆ. ಸಮತಟ್ಟು ಶೀಟ್‌ಗೆ ಅದಕ್ಕಿಂತ ಕೆಟ್ಟ ಬಿಸಿಲು ಇಲ್ಲ. ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿದರೂ 8 ಡಿಗ್ರಿ ಅಷ್ಟೇ. ಮೇಲಿನ ಶೀಟ್ 6 ಇಂಚು ಮುಂದೆ ಚಾಚಿದರೆ ಅದನ್ನು ತಡೆಯಬಹುದು. ಬೆಳಿಗ್ಗೆ, ಸಂಜೆ ಓರೆ ಬಿಸಿಲು ಸ್ವಲ್ಪ ಬರುತ್ತೆ, ಅದು ಕಾಡಲ್ಲ. ಉಳಿದಂತೆ ಬರೀ ಬೆಳಕು. ಗಾಜು ನೆಟ್ಟಗೆ ನಿಂತಿರೋದರಿಂದ ಧೂಳೂ ಕಡಿಮೆ ಕೂರುತ್ತೆ, ನಿಮ್ಮೂರಲ್ಲಿ ರೈಸ್ ಮಿಲ್ ಬೂದಿ ಇದ್ದೇ ಇರುತ್ತಲ್ಲ.

ಬಳ್ಳಾರಿ_ಕೋಟೆ:
ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮ ಸ್ಲ್ಯಾಬ್‌ನಲ್ಲಿ ಬೆಳಕಿಂಡಿಗೆ ಜಾಗ ಬಿಟ್ಟಿಲ್ಲ. ಈಗ ಸ್ಲ್ಯಾಬ್ ಕತ್ತರಿಸಬಹುದಾ?

ಗಾರೆ_ಕರಣೆ, ರಾಯಚೂರು:
ಇಂಜಿನಿಯರ್ ನೋಡದೆ ಬೇಡ. ಸ್ಲ್ಯಾಬ್‌ನಲ್ಲಿ ರಾಡ್‌ಗಳು ಐದಾರು ಇಂಚಿಗೊಂದು ಇರ್ತಾವೆ, 10 ಇಂಚಿನ ತೂತಿಗೂ ಒಂದೆರಡು ತುಂಡಾಗುತ್ತೆ. ಅವರು ಒಪ್ಪಿದರೂ ಬ್ರೇಕರ್ ಹಚ್ಚಬೇಡಿ, ಕೋರ್ ಕಟಿಂಗ್, ಅಂದರೆ ಮೆಷಿನ್‌ನಿಂದ ದುಂಡಗೆ ಕೊರೆಯೋದು, ಮಾಡಿಸಿ. ಬೆಳಕು ಇಳಿಸೋಕೆ ಒಳಮೈ ಹೊಳೆಯುವ ಕೊಳವೆ ಸಿಗುತ್ತೆ, ಅದನ್ನು ಆ ತೂತಿಗೆ ಕೂರಿಸಿದರೆ ಸಣ್ಣ ಕೋಣೆಗೆ ಸಾಕಾಗುತ್ತೆ.

ಗಂಗಾವತಿ_ಮನೆ:
ಉತ್ತರದ ಗಾಜಿನದ್ದೇ ಮಾಡಿಸ್ತೀನಿ. ಬಿಸಿ ಗಾಳಿ ಹೋಗೋಕೆ ಪಕ್ಕದಲ್ಲಿ ಜಾಲರಿ ಇಡಲಾ?

ನೆರಳು_ಬೇಕು, ಕೊಪ್ಪಳ:
ಇಡಿ, ಆದರೆ ಮುಚ್ಚೋಕೆ ಬರೋ ಹಾಗೆ. ಗಾಳಿ ಮಳೆ ಬೀಸುವ ಬದಿ ಬಿಟ್ಟು, ಮೇಲ್ಭಾಗಕ್ಕೆ ಅಂಟಿದಂತೆ ಇರಲಿ. ಸೊಳ್ಳೆ ಜಾಲರಿ ಒಳಗೆ, ಮಂಗಕ್ಕೆ ಗಟ್ಟಿ ಕಬ್ಬಿಣದ ಜಾಲರಿ ಹೊರಗೆ.

ಗಾರೆ_ಕರಣೆ, ರಾಯಚೂರು:
ಕಟ್ಟೆಗೆ ಏಳು ದಿನ ನೀರು ಹಾಕಿ ನೆನೆಸಿ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಫ್ರೇಮ್ ಕೂರಿಸುವ ಮುಂಚೆ, ಕಟ್ಟೆ ಸುತ್ತ ನೀರು ಕಟ್ಟಿ ಒಂದು ದಿನ ನಿಲ್ಲಿಸಿ ನೋಡಿ. ಒಳಗೆ ತೇವ ಕಾಣದಿದ್ದರೆ ಮಾತ್ರ ವೆಲ್ಡಿಂಗ್‌ನವರನ್ನು ಕರೆಯಿರಿ.