ಪದಚರ್ಚೆ: ‘ವಾಟರ್-ಡಿಪೆಂಡೆಂಟ್’ಗೆ ಕನ್ನಡ? (ಸೋಮವಾರದೊಳಗೆ ಬೇಕು)

ಹೊನ್ನಾವರ ತಾಲ್ಲೂಕಿನಿಂದ:

ಬಲ್ಲವರಿಗೆ ನಮಸ್ಕಾರ. ನಮ್ಮೂರ ಕಡಲ ದಂಡೆಗೆ ಆರಡಿ-ನಾಲ್ಕಡಿಯ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಫಲಕ ಬರೆಸುತ್ತಿದ್ದೇವೆ. ಪೇಂಟರ್ ಸೋಮವಾರ ಬರುತ್ತಾನೆ. 2019ರ ಅಧಿಸೂಚನೆಯಂತೆ ನಮ್ಮದು III-ಬಿ, ಅಂದರೆ ಜನಸಾಂದ್ರತೆ ಕಡಿಮೆಯಿರುವ ಹಳ್ಳಿಗಾಡಿನ ದಂಡೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿದ್ದ ಊರುಗಳಿಗೆ 50 ಮೀಟರ್ ಸಾಕು, ನಮಗೆ ಭರತದ ಗೆರೆಯಿಂದ (ಕಡಲು ಏರಿದಾಗ ನೀರು ಮುಟ್ಟುವ ಗೆರೆ) 200 ಮೀಟರ್ ಕಟ್ಟಡ ಕಟ್ಟದೆ ಬಿಡಬೇಕು. ಮೀನು ಒಣಗಿಸುವ ಜಾಗ, ಬಲೆ ರಿಪೇರಿಯ ಚಪ್ಪರ, ದೋಣಿ ಕಟ್ಟುವ ಜಾಗ, ಜೆಟ್ಟಿ (ದೋಣಿ ತಂಗುವ ಕಟ್ಟೆ) ಇಂಥವಕ್ಕೆ ಅಲ್ಲಿ ಅವಕಾಶವಿದೆ. ಕೈಗೆ ಬಂದ ಇಂಗ್ಲಿಷ್ ಕರಡು ಇವನ್ನೆಲ್ಲ ‘ವಾಟರ್-ಡಿಪೆಂಡೆಂಟ್’ ಎನ್ನುತ್ತದೆ, ಬಿಡಬೇಕಾದ ಪಟ್ಟಿಯನ್ನು ‘ಬಫರ್’ ಎನ್ನುತ್ತದೆ. ನಾನು ‘ಜಲಾವಲಂಬಿ ಅಭಿವೃದ್ಧಿ’ ಎಂದು ಬರೆದೆ. ಓದಿದ ಮೀನುಗಾರರೊಬ್ಬರು “ಬೋರ್‌ವೆಲ್ ವಿಷಯವಾ ಸರ್?” ಎಂದರು.

ಶಿವಮೊಗ್ಗದಿಂದ:

ಕೇಳಿದ್ದರಲ್ಲಿ ತಪ್ಪಿಲ್ಲ. ಸಂಸ್ಕೃತದ ಗಂಟನ್ನು ಮೀನುಗಾರರ ತಲೆಗೇಕೆ ಹೊರಿಸುತ್ತೀರಿ? ‘ನೀರಾಸರೆಯ ಕಟ್ಟಡ’ ಅನ್ನಿ. ‘ಬಫರ್’ಗೆ ‘ಕಾಪುಪಟ್ಟಿ’. ಕಾಯು, ಕಾಪು ನಮ್ಮದೇ ಮಾತು. ಉಡುಪಿ ಜಿಲ್ಲೆಯ ಕಾಪು ಊರಿನ ಹೆಸರೂ ಇದೇ ಬೇರಿನದೆಂದು ನನ್ನ ಬಹುದಿನದ ಎಣಿಕೆ. 1901ರ ದೀಪಸ್ತಂಭ ಇಂದಿಗೂ ಅಲ್ಲಿ ಕಡಲು ಕಾಯುತ್ತಿದೆ.

ಮಂಗಳೂರಿನಿಂದ:

ದೀಪಸ್ತಂಭಕ್ಕಿಂತ ಊರು ಹಳೆಯದು. ಆ ಎಣಿಕೆ ಬಿಡಿ. ನನಗೆ ಬೇಸರವಾದದ್ದು ‘ಜೆಟ್ಟಿ’ ನೋಡಿ. ನಮ್ಮಲ್ಲಿ ಬೆಳಗಿನ ಜಾವ ಮೀನಿಗೆ ಹೋಗುವುದು ದಕ್ಕೆಗೆ. ಮೀನು ದಕ್ಕುವ ಜಾಗ ದಕ್ಕೆ. ಇಷ್ಟು ಚೆಂದದ ಕನ್ನಡ ಪದವಿರುವಾಗ ಇಂಗ್ಲಿಷ್ ಯಾಕೆ?

ಧಾರವಾಡದಿಂದ:

‘ದಕ್ಕು’ವಿಗೂ ದಕ್ಕೆಗೂ ಸಂಬಂಧವಿಲ್ಲ. ಮುಂಬಯಿಯ ಭಾವುಚಾ ಧಕ್ಕಾ ಕೇಳಿಲ್ಲವೇ? ಮರಾಠಿಯಲ್ಲಿ ಧಕ್ಕಾ ಎಂದರೆ ಹಡಗು ತಂಗುವ ಕಟ್ಟೆ. ‘ಬಂದರು’ ಪಾರಸಿಯದು. ಕರಾವಳಿಯಲ್ಲಿ ಸರಕಿನ ಜೊತೆ ಪದಗಳೂ ಇಳಿದಿವೆ. ಅವನ್ನು ವಾಪಸ್ ಹಡಗು ಹತ್ತಿಸಹೊರಟರೆ ಬಂದರಿನ ಮೇಲೆ ಒಂದು ವಾಕ್ಯವನ್ನೂ ಬರೆಯಲಾಗದು.

ಶಿವಮೊಗ್ಗದಿಂದ:

ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡೇ ಕನ್ನಡ ಈ ಗತಿಗೆ ಬಂದದ್ದು.

ಕುಂದಾಪುರದಿಂದ:

ಪದದ ಊರು ಹುಡುಕುವ ಮೊದಲು ಅರ್ಥ ನೋಡೋಣ. ‘ಮಳೆಯಾಶ್ರಿತ ಬೇಸಾಯ’ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು: ಮಳೆಯ ನೀರನ್ನೇ ನೆಚ್ಚಿದ್ದು. ಅದೇ ಜಾಡಿನಲ್ಲಿ ‘ಜಲಾವಲಂಬಿ’ಯೂ ‘ನೀರಾಸರೆ’ಯೂ ನೀರು ಬಳಸುವ ಕೆಲಸವೆಂದೇ ಕೇಳಿಸುತ್ತವೆ. ನಿಯಮ ಹೇಳುತ್ತಿರುವುದು ಅದಲ್ಲ. ಐಸ್ ಪ್ಲಾಂಟಿಗೆ ನೀರು ಬೇಕು, ಹೋಟೆಲಿಗೂ ಬೇಕು. ದೋಣಿ ಎಳೆದು ಹಾಕುವ ಜಾಗಕ್ಕೆ ಬೇಕಾದದ್ದು ನೀರಲ್ಲ, ನೀರಿನ ಅಂಚು. ಅದನ್ನು ಅರ್ಧ ಮೈಲಿ ಒಳಗೆ ಕಟ್ಟಿದರೆ ದೋಣಿಯನ್ನು ಹೊತ್ತೊಯ್ಯುವವರು ಯಾರು? 2011ರ ಅಧಿಸೂಚನೆಯೂ ‘ವಾಟರ್‌ಫ್ರಂಟ್’ ಬೇಕಾದ ಚಟುವಟಿಕೆ ಎನ್ನುತ್ತದೆ, ಬರೀ ‘ವಾಟರ್’ ಅಲ್ಲ. ‘ಅವಲಂಬನೆ’ ಎಂದು ಸಡಿಲವಾಗಿ ಬರೆದರೆ ನಾಳೆ ರೆಸಾರ್ಟಿನವರು ಬಂದು, ಕಡಲು ಕಾಣದಿದ್ದರೆ ನಮ್ಮ ವ್ಯಾಪಾರವೇ ಇಲ್ಲ, ನಾವೂ ಜಲಾವಲಂಬಿಗಳೇ ಎನ್ನುತ್ತಾರೆ. ‘ನೀರಂಚಿನಲ್ಲಲ್ಲದೆ ನಡೆಯದ ಕೆಲಸ’ ಎಂದು ಬಿಡಿಸಿ ಬರೆಯಿರಿ. ಒಂದೇ ಪದವಾಗಬೇಕೆಂಬ ಹಟ ಯಾಕೆ?

ಇನ್ನೊಂದು. ‘ಭರತದ ಗೆರೆ’ ಎಂದಷ್ಟೇ ಬರೆದರೆ ದಿನದ ಭರತ ಎಂದುಕೊಳ್ಳುತ್ತಾರೆ. ಕಾನೂನಿನ ಗೆರೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತಕ್ಕೆ ನೀರು ಏರುವ ತೀರಾ ಮೇಲಿನ ಗೆರೆ. ದಂಡೆಯ ಮೇಲೆ ಎರಡಕ್ಕೂ ಬಹಳ ಅಂತರ.

ಬೆಂಗಳೂರಿನಿಂದ:

ಒಪ್ಪಿದೆ. ‘ಬಫರ್’ ಇರಲಿ. ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಪೇಪರ್ ಓದುವವರಿಗೆಲ್ಲ ಆ ಪದ ಗೊತ್ತಾಗಿತ್ತು.

ಹೊನ್ನಾವರ ತಾಲ್ಲೂಕಿನಿಂದ:

ಎಲ್ಲರಿಗೂ ಕೃತಜ್ಞ. ಫಲಕದಲ್ಲಿ ಹೀಗೆ ಬರೆಸುತ್ತೇನೆ: “ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತದ ಗೆರೆಯಿಂದ 200 ಮೀಟರ್ ಬಫರ್ ಪಟ್ಟಿ. ನೀರಂಚಿನಲ್ಲಲ್ಲದೆ ನಡೆಯದ ಕೆಲಸಗಳಿಗೆ ಮಾತ್ರ, ಅದೂ ಅನುಮತಿ ಪಡೆದು.” ಕೆಳಗೆ ಸಣ್ಣಕ್ಷರದಲ್ಲಿ ದಕ್ಕೆ, ಬಲೆ ಚಪ್ಪರ, ಮೀನು ಒಣಗಿಸುವ ಜಾಗ. ಒಣಮೀನು ಮಾರುವ ಅಕ್ಕನಿಗೆ ಓದಿ ಹೇಳಿದೆ. “ಹಂಗಾರೆ ನಾವು ಮೀನು ಒಣಗ್ಸೂಕೆ ಅಡ್ಡಿಲ್ಲ. ಆಚೆಯವ್ರು ರೂಮು ಕಟ್ಟೂಕೆ ಆಗೂದಿಲ್ಲ, ಅಲ್ವಾ?” ಎಂದರು.

ಶಿವಮೊಗ್ಗದಿಂದ:

‘ಬಫರ್’ ಉಳಿಸಿದ್ದಕ್ಕೆ ನನ್ನ ಒಪ್ಪಿಗೆಯಿಲ್ಲ. ಪೇಂಟರ್ ಬರಲು ಇನ್ನೂ ಎರಡು ದಿನವಿದೆ.