ಡಾಕ್ಟರ್ ಜೊತೆ ಪ್ರಶ್ನೋತ್ತರ: ಹದಿನೆಂಟರ ಒಳಗಿನ ಗರ್ಭ, ಪೋಕ್ಸೊ, ಶಾಲೆ ಪಾಠ

ಅಡ್ಮಿನ್: ಇವತ್ತು ಸ್ತ್ರೀರೋಗ ತಜ್ಞೆ ಮೇಡಂ ಇರ್ತಾರೆ, ಕೇಳೋದಿದ್ರೆ ಕೇಳಿ. ಮಕ್ಕಳ ಹೆಸರು, ಊರು, ಕಾಲೇಜು ಯಾರೂ ಹಾಕ್ಬೇಡಿ.

ಪಲ್ಲವಿ: ಮೇಡಂ, ತುರ್ತು ಮಾತ್ರೆ ತಗೊಂಡ್ರೆ ನಿಂತಿರೋ ಗರ್ಭ ಹೋಗುತ್ತಾ?

ಡಾಕ್ಟರ್: ಹೋಗಲ್ಲ. ಅದು ಗರ್ಭ ನಿಲ್ಲದ ಹಾಗೆ ನೋಡ್ಕೊಳ್ಳೋ ಮಾತ್ರೆ, 72 ಗಂಟೆ ಒಳಗೆ ತಗೋಬೇಕು, ಎಷ್ಟು ಬೇಗ ಅಷ್ಟು ಒಳ್ಳೇದು.

ಅನಾಮಿಕ ಸದಸ್ಯೆ: ನಮಸ್ತೆ ಮೇಡಂ. ಮಗಳಿಗೆ 16, ಫಸ್ಟ್ ಪಿಯುಸಿ. ಸೆಕೇಲೂ ಸ್ವೆಟರ್ ಬಿಚ್ತಿರ್ಲಿಲ್ಲ, ಮೊನ್ನೆ ಅನುಮಾನ ಬಂದು ಕಿಟ್ ತಂದು ನೋಡಿದ್ರೆ ಎರಡು ಗೆರೆ. ಏಳು ತಿಂಗಳು ಇರ್ಬೋದು ಅಂತಾಳೆ. ಎರಡು ದಿನದಿಂದ ವಿಪರೀತ ತಲೆನೋವು, ಪಾದ ಊದಿ ಚಪ್ಪಲಿ ಹಿಡಿಸ್ತಿಲ್ಲ, ಕಣ್ಮುಂದೆ ಮಿಂಚು ಹೊಡೆದಂಗಾಗುತ್ತೆ ಅಂತಾಳೆ. ಆಸ್ಪತ್ರೆಗೆ ಹೋದ್ರೆ ಪೊಲೀಸ್ರು ಬರ್ತಾರಂತೆ. ಮನೇಲೇ ಏನಾದ್ರೂ ಮಾಡ್ಬಹುದಾ?

ಚಂದ್ರಕಲಾ: ಅಕ್ಕ ಊತಕ್ಕೆ ಬಾರ್ಲಿ ನೀರು ಕೊಡಿ. ಪರಂಗಿಕಾಯಿ ಎಳ್ಳು ಬೆಲ್ಲದ್ದು ಒಂದು ಫಾರ್ವರ್ಡ್ ಇದೆ, ಹಾಕ್ತೀನಿ 🙏

ಡಾಕ್ಟರ್: ಚಂದ್ರಕಲಾ ಅವ್ರೇ, ಹಾಕ್ಬೇಡಿ.
ಅಮ್ಮಾ, ನೀವು ಈಗ್ಲೇ ಹೊರಡಿ, ಬೆಳಗ್ಗೆ ತನಕ ಕಾಯ್ಬೇಡಿ. 108ಕ್ಕೆ ಫೋನ್ ಮಾಡಿ. ತಲೆನೋವು, ಕಣ್ಣಲ್ಲಿ ಮಿಂಚು, ಊತ ಮೂರೂ ಸೇರಿದ್ರೆ ನನಗೆ ಮೊದಲು ಬರೋ ಅನುಮಾನ ಗರ್ಭಿಣಿಯರಿಗೆ ಬರೋ ಬಿಪಿ, ಅದು ಏರಿದ್ರೆ ಫಿಟ್ಸ್ ಬರುತ್ತೆ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಸಣ್ಣ ವಯಸ್ಸಿನ ಹುಡುಗೀರಲ್ಲಿ ಇದು ಹೆಚ್ಚು, ಅದ್ರ ಮೇಲೆ ನಿಮ್ಮ ಮಗಳಿಗೆ ಇಷ್ಟು ದಿನ ಒಂದ್ಸಲಾನೂ ಬಿಪಿ ನೋಡಿಲ್ಲ, ರಕ್ತ ನೋಡಿಲ್ಲ, ಸ್ಕ್ಯಾನ್ ಇಲ್ಲ. ದಾರೀಲಿ ಎಡ ಮಗ್ಗುಲಿಗೆ ಮಲಗಿಸಿ. ಅವಳನ್ನ ಈಗ ಬೈಬೇಡಿ, ಯಾರು ಏನು ಅಂತ ಆಮೇಲೆ ಕೇಳಿದ್ರಾಯ್ತು.
ಪೊಲೀಸ್ ವಿಷಯ ಮುಚ್ಚಿಡಲ್ಲ. 18ರ ಒಳಗೆ ಅಂದ್ರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾನೂನು) ಪ್ರಕಾರ ನಾವು ತಿಳಿಸ್ಲೇಬೇಕು, ಅವಳು ಒಪ್ಪಿದ್ಲು ಅಂದ್ರೂ ಕಾನೂನು ಲೆಕ್ಕಕ್ಕೆ ತಗೊಳಲ್ಲ. ಆದ್ರೆ ಹೇಳಿಕೆ ತಗೊಳೋರು ಯೂನಿಫಾರ್ಮಲ್ಲಿ ಬರೋ ಹಾಗಿಲ್ಲ, ರಾತ್ರಿ ಅವಳನ್ನ ಠಾಣೇಲಿ ಇಟ್ಕೊಳೋ ಹಾಗಿಲ್ಲ, ಪೇಪರಲ್ಲಿ ಹೆಸರು ಹಾಕೋ ಹಾಗಿಲ್ಲ. ಕೇಸ್ ಆಗ್ಲಿ ಬಿಡ್ಲಿ ಚಿಕಿತ್ಸೆ ಮೊದಲು. ತೆಗೆಸೋದಕ್ಕೆ 24 ವಾರ ಮಿತಿ, ನೀವು ದಾಟಿದೀರಿ ಅನ್ಸುತ್ತೆ. ಮಗು ಸಾಕೋಕೆ ಆಗಲ್ಲ ಅಂದ್ರೆ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸ್ಬಹುದು, ಮನಸ್ಸು ಬದಲಾದ್ರೆ ಎರಡು ತಿಂಗಳು ಟೈಮ್ ಇರುತ್ತೆ. ಯಾರಿಗೂ ಕೊಟ್ಟುಬಿಡ್ಬೇಡಿ, ದುಡ್ಡು ಕೊಡ್ತೀವಿ ಅನ್ನೋರು ಬಂದೇ ಬರ್ತಾರೆ.

ಲೋಕೇಶ್: ಎಲ್ಲಾ ಮೊಬೈಲ್ ಮಹಿಮೆ. ಇನ್ನು ಶಾಲೇಲೂ ಲೈಂಗಿಕ ಶಿಕ್ಷಣ ಹೇಳ್ಕೊಟ್ರೆ ಮುಗೀತು. 2007ರಲ್ಲಿ ನಮ್ ರಾಜ್ಯ ಆ ಪಾಠ ನಿಲ್ಲಿಸಿದ್ದೇ ಸರಿ.

ಗಿರಿಜಾ ಟೀಚರ್: ನಿಲ್ಲಿಸಿ ಏನು ಸಾಧಿಸಿದ್ವಿ ಸರ್? ಅದು ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ, ಏಡ್ಸ್ ತಡೆಯೋಕೆ ಅಂತಾನೂ ಇದ್ದಿದ್ದು, ಚಿತ್ರ ಅಶ್ಲೀಲ ಅಂತ ಗಲಾಟೆ ಆಯ್ತು, ಮಹಾರಾಷ್ಟ್ರ ಮಧ್ಯಪ್ರದೇಶನೂ ಕೈಬಿಟ್ವು. 2009ರಲ್ಲಿ ವೆಂಕಯ್ಯ ನಾಯ್ಡು ಇದ್ದ ರಾಜ್ಯಸಭಾ ಸಮಿತೀನೂ ಬೇಡ ಅಂತು. ಹತ್ತನೇ ಕ್ಲಾಸಲ್ಲಿ ಸಂತಾನೋತ್ಪತ್ತಿ ಪಾಠ ಈಗ್ಲೂ ಇದೆ, ನಮ್ ಸ್ಟಾಫ್ ರೂಮಲ್ಲಿ ಅರ್ಧ ಜನ "ಮನೇಲಿ ಓದ್ಕೊಳ್ಳಿ" ಅಂತ ಪುಟ ತಿರುಗಿಸ್ತಾರೆ.

ಲೋಕೇಶ್: ಸಂಸ್ಕಾರ ಇದ್ರೆ ಪಾಠ ಯಾಕೆ ಬೇಕು?

ಗಿರಿಜಾ ಟೀಚರ್: 16ಕ್ಕೆ ಮದುವೆ ಮಾಡಿ 17ಕ್ಕೆ ಬಸುರಿ ಮಾಡೋದು ಯಾವ ಸಂಸ್ಕಾರ? ಆ ಮದುವೆನೇ ಅಸಿಂಧು ಅಂತ ನಮ್ ರಾಜ್ಯದಲ್ಲಿ 2016ರ ತಿದ್ದುಪಡಿ ಇದೆ. ದೇಶದಲ್ಲಿ 15ರಿಂದ 19ರ ಹುಡುಗೀರಲ್ಲಿ 6.8% ಆಗ್ಲೇ ತಾಯಿ ಅಥವಾ ಗರ್ಭಿಣಿ, 2019-21ರ ಸಮೀಕ್ಷೆ. ಅವ್ರೆಲ್ಲ ಮೊಬೈಲಿಂದ ಬಸುರಾದ್ರಾ?

ಶಿವು: 17ರ ಹುಡುಗಿ 19ರ ಹುಡುಗ ಲವ್ ಮಾಡಿದ್ರೆ ಹುಡುಗ ಜೈಲಿಗೆ, ಇದು ಯಾವ ನ್ಯಾಯ ಮೇಡಂ?

ಹಾಸ್ಟೆಲ್ ವಾರ್ಡನ್: ಮೇಡಂ, ರಜೆ ಮುಗಿಸಿ ಬಂದ ಹುಡುಗೀರಿಗೆಲ್ಲ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸಿ ಅಂತಾರೆ, ಮಾಡಿಸ್ಬಹುದಾ?

ರೇಖಾ: ಮೇಡಂ, ತುರ್ತು ಮಾತ್ರೆ ಎರಡು ತಗೊಂಡ್ರೆ ಅಬಾರ್ಷನ್ ಆಗುತ್ತಾ?

ಡಾಕ್ಟರ್: ಮೇಲೆ ಹೇಳಿದೀನಿ ಓದಿ. ಅಬಾರ್ಷನ್ ಮಾತ್ರೆ ಬೇರೆ, ಅದನ್ನ ಮೆಡಿಕಲ್ ಶಾಪಿಂದ ಸುಮ್ನೆ ತಂದು ನುಂಗ್ಬೇಡಿ, ಗರ್ಭ ಗರ್ಭಕೋಶದಲ್ಲಿರದೆ ಪಕ್ಕದ ನಾಳದಲ್ಲಿ ಕೂತಿದ್ರೆ ಅದಕ್ಕೆ ಮಾತ್ರೆ ನಾಟಲ್ಲ, ನಾಳ ಒಡೆದು ಒಳಗೇ ರಕ್ತ ಸುರಿಯುತ್ತೆ.
ಲೋಕೇಶ್ ಅವ್ರೇ, ಪಾಠ ಹೇಳಿದ್ರೆ ಮಕ್ಕಳು ಬೇಗ ಶುರು ಹಚ್ಕೊಳಲ್ಲ, ಯುನೆಸ್ಕೊ 2018ರ ಮಾರ್ಗಸೂಚೀಲೇ ಇದೆ. ಈ ಹುಡುಗಿಗೆ ಮುಟ್ಟು ನಿಂತ್ರೆ ಏನರ್ಥ ಅಂತ ಯಾರಾದ್ರೂ ಹೇಳಿದ್ರೆ ಎರಡನೇ ತಿಂಗಳಲ್ಲೇ ನನ್ನ ಹತ್ರ ಬರ್ತಿದ್ಲು, ಅವಳೂ ತಾಯೀನೂ ಕೇಳ್ಕೊಂಡ್ರೆ ಹೆಸರು ಹೇಳದೇನೇ ಪೊಲೀಸಿಗೆ ತಿಳಿಸಿ ತೆಗೀಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಲೋಕೇಶ್: ಯುನೆಸ್ಕೊ ವಿದೇಶಿ ಏಜೆಂಡಾ.

ಡಾಕ್ಟರ್: ಸರಿ. ಆ ಅಮ್ಮ ಹೊರಟ್ರಾ?

ಅನಾಮಿಕ ಸದಸ್ಯೆ: ತಾಲ್ಲೂಕು ಆಸ್ಪತ್ರೇಲಿ ಇದೀವಿ. ಬಿಪಿ 170/110 ಅಂತೆ. ಜಿಲ್ಲಾಸ್ಪತ್ರೆಗೆ ಕಳಿಸ್ತೀವಿ ಅಂತಿದಾರೆ.

ಡಾಕ್ಟರ್: ಫಿಟ್ಸ್ ಬರದಂಗೆ ಮ್ಯಾಗ್ನೀಷಿಯಂ ಇಂಜೆಕ್ಷನ್ ಕೊಟ್ಟೇ ಕಳಿಸ್ತಾರಾ ಕೇಳಿ. ಬಿಪಿ ಇಳಿಸೋ ಔಷಧಿನೂ. ಸ್ವಂತ ಕಾರಲ್ಲಿ ಬೇಡ, ಆಂಬುಲೆನ್ಸಲ್ಲೇ ಹೋಗಿ. ಡ್ಯೂಟಿ ಡಾಕ್ಟರಿಗೆ ಫೋನ್ ಕೊಡಿ, ನನ್ನ ನಂಬರ್ ಇನ್‌ಬಾಕ್ಸಲ್ಲಿ ಹಾಕಿದೀನಿ.

ಚಂದ್ರಕಲಾ: ಬಿಪಿಗೆ ಬೆಳ್ಳುಳ್ಳಿ ಹಾಲು ಒಳ್ಳೇದು ಅಂತಾರೆ ಮೇಡಂ

ಡಾಕ್ಟರ್: ಅಡ್ಮಿನ್, ಇವ್ರನ್ನ ಮ್ಯೂಟ್ ಮಾಡಿ.